ಬಿಟ್ಟು ಹೋಗಿ ಅನ್ನುವವರಿಗೆ



"ಇಷ್ಟ ಇಲ್ಲದಿದ್ದರೆ ಬಿಟ್ಟು ಹೋಗಿ, ನಿಮ್ಮನ್ನೇನು ಕಟ್ಟಿಹಾಕಿದ್ದಾರಾ?" ಈ ಮಾತನ್ನು ನಾವು ಮೊದಲ ಸಲ ಕೇಳುತ್ತಿಲ್ಲ. ಕೂಲಿ ಸಾಲದು ಅಂದವನಿಗೆ ಹೊಲದ ಒಡೆಯ ಹೇಳಿದ್ದು ಇದನ್ನೇ. ಹಾಸ್ಟೆಲಿನ ಅನ್ನದಲ್ಲಿ ಹುಳ ಇದೆ ಅಂದ ಹುಡುಗನಿಗೆ ವಾರ್ಡನ್ ಹೇಳಿದ್ದೂ ಇದನ್ನೇ. ಈಗ ಚಿತ್ರ ಬರೆದು ಬದುಕುವ ಜನಕ್ಕೆ ಅದೇ ಮಾತನ್ನು ಹೇಳಲಾಗುತ್ತಿದೆ. ಹೇಳುತ್ತಿರುವವರು ಒಡೆಯರಲ್ಲ. ಈ ಕಾಲದ ಒಡೆಯರು ಅಷ್ಟು ಒರಟಾಗಿ ಮಾತಾಡುವುದಿಲ್ಲ. ಹೇಳುತ್ತಿರುವವರು ನಮ್ಮ ನಡುವಿನ ಓದಿದವರು, ಪ್ರಗತಿಪರರು ಅಂತ ತಮ್ಮನ್ನು ಕರೆದುಕೊಳ್ಳುವವರು. ನನ್ನ ಜಗಳ ಅವರ ಜೊತೆಗೆ.

ನನ್ನ ಹತ್ತಿರ ಓದಿದ ಒಬ್ಬ ಹುಡುಗಿ ಇದ್ದಾಳೆ. ಈಗ ಪಿ.ಯು.ಸಿ. ಎರಡನೇ ವರ್ಷ. ಅಜ್ಜಿಯ ಕೈ, ಕಟ್ಟೆಯ ಮೇಲೆ ಕೂತ ಮುದುಕರು, ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹೆಂಗಸರು, ಹೀಗೆ ಕಂಡದ್ದನ್ನು ಪೆನ್ಸಿಲ್ಲಿನಲ್ಲಿ ಬಿಡಿಸುತ್ತಾಳೆ. ಮೊಬೈಲಿನಲ್ಲಿ ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತಾಳೆ. ಮುನ್ನೂರು ಚಿಲ್ಲರೆ ಜನ ನೋಡುತ್ತಾರೆ. ಮೊನ್ನೆ ಮನೆಗೆ ಬಂದವಳು, "ಸಾರ್, ಆರ್ಟಿಸ್ಟುಗಳೆಲ್ಲ ಇನ್‌ಸ್ಟಾ ಬಿಟ್ಟು ಹೋದರಂತೆ, ನಾನೂ ಬಿಟ್ಟುಬಿಡ್ಲಾ?" ಅಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಇರಮ್ಮ, ಯೋಚನೆ ಮಾಡಿ ಹೇಳ್ತೀನಿ" ಅಂತ ಕಳಿಸಿದೆ. ಯೋಚನೆ ಮಾಡುತ್ತಾ ಹೋದ ಹಾಗೆ ಸಿಟ್ಟು ಬಂತು. ಆ ಸಿಟ್ಟೇ ಈ ಬರಹ.

ಮೊದಲು ನಡೆದದ್ದು ಏನು ಅಂತ ಹೇಳಿಬಿಡುತ್ತೇನೆ. ಇನ್‌ಸ್ಟಾಗ್ರಾಮ್ ಶುರುವಾದದ್ದು 2010ರ ಅಕ್ಟೋಬರ್‌ನಲ್ಲಿ. ಫೋಟೋ ಹಾಕುವ, ಬೇರೆಯವರ ಫೋಟೋ ನೋಡುವ ಜಾಗ, ಅಷ್ಟೇ. 2012ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಕಂಪನಿ ಇದನ್ನು 100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. ಆಗ ಅಲ್ಲಿ ಕೆಲಸಕ್ಕಿದ್ದವರು 13 ಜನ. ಲೆಕ್ಕ ಬರುವವರು ಲೆಕ್ಕ ಮಾಡಲಿ. 13 ಜನ ಕೂತು ಎರಡು ವರ್ಷದೊಳಗೆ 100 ಕೋಟಿ ಡಾಲರಿನ ಸಂಪತ್ತನ್ನು ಹುಟ್ಟಿಸಿದರೇ? ಆ ಹೊತ್ತಿಗೆ ಅಲ್ಲಿ ಸುಮಾರು 3 ಕೋಟಿ ಜನ ಸೇರಿದ್ದರು. ಬೆಲೆ ಬಂದದ್ದು ಆ ಜನ ಹಾಕಿದ ಚಿತ್ರಗಳಿಗೆ, ಅವನ್ನು ನೋಡಲು ಬಂದ ಕಣ್ಣುಗಳಿಗೆ. ಹಣ ಬಂದಾಗ ಆ 3 ಕೋಟಿ ಜನಕ್ಕೆ ಒಂದು ಕಾಸೂ ಹಂಚಲಿಲ್ಲ. ಇದಕ್ಕೆ ನಮ್ಮ ಹಳ್ಳಿಗಳಲ್ಲಿ ಹಳೆಯ ಹೆಸರಿದೆ, ಬಿಟ್ಟಿ ಚಾಕರಿ.

ಹಾಗಾದರೆ ಕಲಾವಿದರು ಅಲ್ಲಿಗೆ ಯಾಕೆ ಹೋದರು, ಬುದ್ಧಿ ಇರಲಿಲ್ಲವೇ ಅಂತ ಕೇಳಬಹುದು. ಬುದ್ಧಿ ಇತ್ತು, ಬೇರೆ ದಾರಿ ಇರಲಿಲ್ಲ. ಗ್ಯಾಲರಿಯ ಮೆಟ್ಟಿಲು ಹತ್ತಬೇಕಾದರೆ ಶಿಫಾರಸು ಬೇಕು, ಇಂಗ್ಲಿಷ್ ಬೇಕು, ಯಾರಾದರೂ ದೊಡ್ಡವರು ಕೈಹಿಡಿದು ಕರೆದುಕೊಂಡು ಹೋಗಬೇಕು. ನ್ಯೂಯಾರ್ಕಿನಲ್ಲೂ ಹೀಗೇ, ಬೆಂಗಳೂರಿನಲ್ಲೂ ಹೀಗೇ. ಯಾರ ಹಂಗಿನಲ್ಲೂ ಇಲ್ಲದ ಚಿತ್ರಕಾರನಿಗೆ, ಯಾವುದೋ ಊರಿನ ಮೂಲೆಯಲ್ಲಿ ಕೂತು ಬಿಡಿಸುವ ಹೆಣ್ಣುಮಗಳಿಗೆ ಇನ್‌ಸ್ಟಾಗ್ರಾಮ್ ಒಂದು ಗೋಡೆ ಕೊಟ್ಟಿತು. ಆ ಗೋಡೆ ನೋಡಿ ಯಾರೋ ಪುಸ್ತಕದ ಮುಖಪುಟ ಬರೆಸಿದರು, ಯಾರೋ ಲಗ್ನಪತ್ರಿಕೆ ಬರೆಸಿದರು, ಯಾರೋ ತೀರಿಹೋದ ತಾಯಿಯ ಮುಖ ಬರೆಸಿಕೊಂಡು ಹೋದರು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಗೋಡೆ ಸಿಕ್ಕಿದ್ದು ನಿಜ. ಗೋಡೆಯ ಖಾತೆ ಮಾತ್ರ ಒಡೆಯನ ಹೆಸರಿನಲ್ಲೇ ಇತ್ತು.

ಖಾತೆ ಯಾರ ಹೆಸರಿನಲ್ಲಿದೆ ಅನ್ನುವುದು ಬೇಗ ಗೊತ್ತಾಯಿತು. 2012ರ ಡಿಸೆಂಬರಿನಲ್ಲೇ ಕಂಪನಿ ಕರಾರುಪತ್ರ ತಿದ್ದಿತು. ಜನರ ಫೋಟೋಗಳನ್ನು ಅವರಿಗೆ ಹಣ ಕೊಡದೆ ಜಾಹೀರಾತಿಗೆ ಬಳಸಬಹುದು ಅನ್ನುವ ಅರ್ಥ ಬರುವ ಹಾಗಿತ್ತು ಆ ಬರವಣಿಗೆ. ಕೂಗಾಟವಾಯಿತು. ಕೆಲವೇ ದಿನಗಳಲ್ಲಿ ಆ ಸಾಲುಗಳನ್ನು ವಾಪಸ್ಸು ತೆಗೆದುಕೊಂಡರು. ಆಮೇಲೆ 2021ರ ಜೂನ್ ಕೊನೆಗೆ ಇನ್‌ಸ್ಟಾಗ್ರಾಮಿನ ಮುಖ್ಯಸ್ಥ ಆಡಮ್ ಮೊಸೆರಿ, ನಮ್ಮದು ಇನ್ನು ಫೋಟೋ ಹಂಚುವ ಜಾಗ ಅಲ್ಲ ಅಂದುಬಿಟ್ಟ. ವಿಡಿಯೊ ಬೇಕಂತೆ. ಹತ್ತು ವರ್ಷ ಚಿತ್ರ ಹಾಕಿ ಹಾಕಿ ಆ ಅಂಗಡಿಯನ್ನು ಬೆಳೆಸಿದವರು ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೇಡದವರಾಗಿದ್ದರು. ಕುಂಚ ಹಿಡಿದವರು ಕ್ಯಾಮೆರಾ ಮುಂದೆ ನಿಂತು ಕುಣಿಯಬೇಕಾದ ಗತಿ ಬಂತು. 2022ರ ಜುಲೈಯಲ್ಲಿ ಒಬ್ಬ ಯುವ ಛಾಯಾಗ್ರಾಹಕಿ ಹಳೆಯ ಇನ್‌ಸ್ಟಾಗ್ರಾಮನ್ನು ವಾಪಸ್ಸು ಕೊಡಿ ಅಂತ ಮನವಿ ಎಬ್ಬಿಸಿದಳು. ಸಣ್ಣ ಕಲಾವಿದರು ಒಂದು ವರ್ಷದಿಂದ ಅದನ್ನೇ ಗೋಳಾಡುತ್ತಿದ್ದರು, ಯಾರೂ ಕಿವಿಗೊಟ್ಟಿರಲಿಲ್ಲ. ಕೈಲಿ ಜೆನ್ನರ್, ಕಿಮ್ ಕರ್ದಾಶಿಯನ್ ಅನ್ನುವ ಇಬ್ಬರು ಕೋಟ್ಯಧೀಶ್ವರಿಯರು ಅದನ್ನು ಹಂಚಿಕೊಂಡರು ನೋಡಿ, ಅದೇ ವಾರ ಕಂಪನಿ ಕೆಲವು ಬದಲಾವಣೆಗಳಿಂದ ಹಿಂದೆ ಸರಿಯಿತು. ಯಾರ ದನಿಗೆ ಎಷ್ಟು ತೂಕ ಅನ್ನುವುದಕ್ಕೆ ಬೇರೆ ತಕ್ಕಡಿ ಬೇಕಿಲ್ಲ.

ಇಷ್ಟಾದರೂ ಜನ ಬಿಡಲಿಲ್ಲ. ಬಿಡುವ ಹಾಗೆ ಮಾಡಿದ್ದು ಮುಂದಿನ ಸಂಗತಿ.

2023ರ ಡಿಸೆಂಬರಿನಲ್ಲಿ ಮೆಟಾ ಕಂಪನಿ, ಅಂದರೆ ಹೆಸರು ಬದಲಿಸಿಕೊಂಡ ಅದೇ ಫೇಸ್‌ಬುಕ್ ಕಂಪನಿ, ಹೇಳಿದ ಹಾಗೆ ಚಿತ್ರ ಬರೆದುಕೊಡುವ ಯಂತ್ರವನ್ನು ಅಮೆರಿಕದ ಜನರ ಮುಂದಿಟ್ಟಿತು. ಕೃತಕ ಬುದ್ಧಿಮತ್ತೆ ಅಂತ ಪೇಪರಿನವರು ಕರೆಯುವುದು ಇದನ್ನೇ. ಈ ಯಂತ್ರ ತಾನಾಗಿ ಕಲಿತದ್ದಲ್ಲ. ಅದರ ಹೊಟ್ಟೆಗೆ ಫೇಸ್‌ಬುಕ್ಕು ಇನ್‌ಸ್ಟಾಗ್ರಾಮುಗಳಲ್ಲಿ ಜನ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದ 110 ಕೋಟಿ ಚಿತ್ರಗಳನ್ನು ತುಂಬಲಾಗಿತ್ತು. ಬರೆದವರನ್ನು ಕೇಳಲಿಲ್ಲ. ಕೇಳಿದ್ದೇವೆ ಅನ್ನುತ್ತಾರೆ ಅವರು, ನೀವು ಅಕೌಂಟ್ ತೆಗೆಯುವಾಗ ಒಪ್ಪಿಗೆ ಒತ್ತಿದ್ದೀರಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು ಪತ್ರ ಬರೆಸಿಕೊಳ್ಳುವ ಈ ವಿದ್ಯೆ ನಮಗೆ ಹೊಸದೇ? ಓದಲು ಬಾರದವನ ಹೆಬ್ಬೆಟ್ಟಾದರೇನು, ಓದಲು ಆಗದಷ್ಟು ಉದ್ದದ ಕರಾರಿನ ಕೆಳಗೆ ಓದು ಬಂದವನು ಒತ್ತಿದ ಬಟನ್ನಾದರೇನು.

2024ರ ಮೇ ತಿಂಗಳ ಕೊನೆಗೆ ಯುರೋಪಿನ ಜನರಿಗೆ ಕಂಪನಿಯಿಂದ ಒಂದು ಸೂಚನೆ ಬಂತು: ಜೂನ್ 26ರಿಂದ ನಿಮ್ಮ ಪೋಸ್ಟುಗಳನ್ನೂ ನಮ್ಮ ಯಂತ್ರಕ್ಕೆ ತಿನ್ನಿಸುತ್ತೇವೆ, ಬೇಡವಾದರೆ ಅರ್ಜಿ ಹಾಕಿ, ಇದರಿಂದ ನಿಮಗೇನು ತೊಂದರೆ ಅಂತ ಕಾರಣ ಬರೆಯಿರಿ. ನೋಡಿ ಎಂಥ ನ್ಯಾಯ! ಹೊತ್ತುಕೊಂಡು ಹೋಗುವವನು ಕಾರಣ ಹೇಳಬೇಕಿಲ್ಲ, ಕಳೆದುಕೊಳ್ಳುವವನು ಕಾರಣ ಬರೆದುಕೊಡಬೇಕು. ಆದರೂ ಅಲ್ಲಿ ಗಟ್ಟಿಯಾದ ಒಂದು ಕಾನೂನಿದೆ, ಅದನ್ನು ಹಿಡಿದು ನಿಲ್ಲುವ ಸಂಘಟನೆಗಳಿವೆ. 11 ದೇಶಗಳಲ್ಲಿ ದೂರು ಹೋಯಿತು. ಐರ್ಲೆಂಡಿನ ದತ್ತಾಂಶ ಆಯೋಗ ಹೇಳಿದ ಮೇಲೆ ಜೂನ್ 14ರಂದು ಕಂಪನಿ ತಡೆದುಕೊಂಡಿತು. ಬ್ರೆಜಿಲ್ ದೇಶ ಜುಲೈ 2ರಂದು, ನಿಲ್ಲಿಸದಿದ್ದರೆ ದಿನಕ್ಕೆ ಇಷ್ಟು ದಂಡ ಅಂತ ಆಜ್ಞೆ ಹೊರಡಿಸಿತು. ಇವೆಲ್ಲ ಶಾಶ್ವತ ಗೆಲುವುಗಳಲ್ಲ. ಬ್ರೆಜಿಲಿನಲ್ಲಿ ಎರಡೇ ತಿಂಗಳಿಗೆ ಷರತ್ತಿನ ಮೇಲೆ ಬಿಟ್ಟರು. ಯುರೋಪಿನಲ್ಲಿ 2025ರ ಮೇ 27ರಿಂದ ಕಂಪನಿ ಮತ್ತೆ ಶುರುಮಾಡಿತು. ಆದರೆ ಅಲ್ಲೆಲ್ಲ ಬೇಡ ಅನ್ನುವುದಕ್ಕೆ ಒಂದು ಅರ್ಜಿಯಾದರೂ ಉಳಿಯಿತು. ಆಸ್ಟ್ರೇಲಿಯಾದಲ್ಲಿ ಅದೂ ಇರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸೆನೆಟಿನ ಸಮಿತಿ ಕೂರಿಸಿ ಕೇಳಿದಾಗ ಕಂಪನಿಯ ಅಧಿಕಾರಿ ಒಪ್ಪಿಕೊಂಡರು: ವಯಸ್ಕರು 2007ರಿಂದ ಸಾರ್ವಜನಿಕವಾಗಿ ಹಾಕಿದ ಎಲ್ಲವನ್ನೂ, ಅವರಾಗಿ ಖಾಸಗಿ ಮಾಡಿಕೊಂಡಿರದಿದ್ದರೆ, ತೆಗೆದುಕೊಂಡಿದ್ದೇವೆ ಅಂತ. ಇನ್ನು ನಾವು? ಇನ್‌ಸ್ಟಾಗ್ರಾಮಿಗೆ ಬೇರೆ ಯಾವ ದೇಶಕ್ಕಿಂತ ಹೆಚ್ಚು ಜನ ಕೊಟ್ಟಿರುವ ದೇಶ ನಮ್ಮದು. ಆ ವರ್ಷ ನಮ್ಮ ಕಲಾವಿದರಿಗೆ ಆ ಅರ್ಜಿ ಬರಲೇ ಇಲ್ಲ. ಬೇಡ ಅನ್ನುವ ಯೋಗ್ಯತೆಯೂ ಇಲ್ಲದವರ ಸಾಲಿನಲ್ಲಿ ನಾವು ಕೂತಿದ್ದೆವು.

ಇಲ್ಲಿ ಒಬ್ಬ ಬುದ್ಧಿವಂತ ಎದ್ದು ನಿಲ್ಲುತ್ತಾನೆ. "ಕಲಾವಿದರೂ ಬೇರೆಯವರ ಚಿತ್ರ ನೋಡಿಯೇ ತಾನೇ ಕಲಿಯೋದು? ಯಂತ್ರ ನೋಡಿ ಕಲಿತರೆ ತಪ್ಪೇನು?" ಅನ್ನುತ್ತಾನೆ. ಈ ಪ್ರಶ್ನೆಗೆ ನಾನು ಎರಡು ಸಂಗತಿ ಹೇಳುತ್ತೇನೆ. ಪೋಲೆಂಡಿನಲ್ಲಿ ಗ್ರೆಗ್ ರುಟ್ಕೋವ್‌ಸ್ಕಿ ಅನ್ನುವ ಚಿತ್ರಕಾರ ಇದ್ದಾನೆ. 2022ರ ಆಗಸ್ಟಿನಲ್ಲಿ ಬೇರೊಂದು ಕಂಪನಿಯ ಇಂಥದೇ ಯಂತ್ರ ಹೊರಬಿತ್ತು. ಮುಂದಿನ ತಿಂಗಳ ಹೊತ್ತಿಗೆ, ಇವನ ಶೈಲಿಯಲ್ಲಿ ಬರೆದುಕೊಡು ಅಂತ ಜನ ಸುಮಾರು 93,000 ಸಲ ಕೇಳಿದ್ದರು. ತನ್ನ ಹೆಸರು ಹಾಕಿ ಹುಡುಕಿದರೆ ತಾನು ಬರೆಯದ ಚಿತ್ರಗಳು ಬರತೊಡಗಿದವು ಆ ಮನುಷ್ಯನಿಗೆ. ಶಿಷ್ಯ ಗುರುವಿನಿಂದ ಕಲಿತರೆ ಗುರುವಿನ ಹೆಸರು ಅಳಿಸಿಹೋಗುವುದಿಲ್ಲ. ಇನ್ನೊಂದು ಸಂಗತಿ. ಸಿಂಗಪುರದ ಛಾಯಾಗ್ರಾಹಕಿ ಜಿಂಗ್ನಾ ಜಾಂಗ್ ತೆಗೆದ ಒಂದು ಫೋಟೋವನ್ನು ಲಕ್ಸೆಂಬರ್ಗಿನ ಒಬ್ಬ ಚಿತ್ರಕಲೆಯ ವಿದ್ಯಾರ್ಥಿ ಎಡಬಲ ತಿರುಗಿಸಿ ಬಣ್ಣದಲ್ಲಿ ಬರೆದು ಬಹುಮಾನ ಗಿಟ್ಟಿಸಿಕೊಂಡ. ಆಕೆ ಕೋರ್ಟಿಗೆ ಹೋದಳು, ಮೊದಲು ಸೋತಳು, ಬಿಡಲಿಲ್ಲ, 2024ರ ಮೇಯಲ್ಲಿ ಮೇಲಿನ ಕೋರ್ಟಿನಲ್ಲಿ ಗೆದ್ದಳು. ಒಬ್ಬ ಹುಡುಗ ಒಂದು ಫೋಟೋ ನೋಡಿ ಬರೆದರೆ ಅದು ಕೋರ್ಟಿನ ಮಾತು. ಒಂದು ಕಂಪನಿ 110 ಕೋಟಿ ಚಿತ್ರಗಳನ್ನು ನುಂಗಿದರೆ ಅದು ವಿಜ್ಞಾನದ ಮುನ್ನಡೆ. ಈ ಕಂಪನಿಯ 2024ರ ಆದಾಯ 16,450 ಕೋಟಿ ಡಾಲರ್. ಅದರಲ್ಲಿ 16,000 ಕೋಟಿಗೂ ಹೆಚ್ಚು ಬಂದದ್ದು ಜಾಹೀರಾತಿನಿಂದ. ಜಾಹೀರಾತು ನೋಡಲು ಯಾರೂ ಇನ್‌ಸ್ಟಾಗ್ರಾಮಿಗೆ ಹೋಗುವುದಿಲ್ಲ ಸ್ವಾಮಿ, ಚಿತ್ರ ನೋಡಲು ಹೋಗುತ್ತಾರೆ. ಕಲಿಯುವುದು ಅಷ್ಟು ಪವಿತ್ರವಾದ ಕೆಲಸವಾದರೆ ಕಲಿಸಿದವರಿಗೆ ಫೀಸು ಎಲ್ಲಿ?

ಅದೇ ಜಿಂಗ್ನಾ ಜಾಂಗ್, ಯಂತ್ರ ಬರೆದ ಚಿತ್ರಗಳನ್ನು ಒಳಗೆ ಬಿಡದ, ಕಲಾವಿದರಿಗೇ ಮೀಸಲಾದ 'ಕಾರಾ' ಅನ್ನುವ ಜಾಗವನ್ನು ಕೆಲವರು ಸ್ವಯಂಸೇವಕರ ಜೊತೆ ಸೇರಿ ಕಟ್ಟಿದ್ದಳು. ಯುರೋಪಿನ ಸೂಚನೆಯ ಸುದ್ದಿ ಹಬ್ಬಿದ ಮೇಲೆ 2024ರ ಜೂನ್ ಮೊದಲ ದಿನಗಳಲ್ಲಿ ಅಲ್ಲಿಗೆ ಜನ ಗುಳೆ ಹೊರಟರು. 40,000 ಇದ್ದದ್ದು ಒಂದೇ ವಾರದಲ್ಲಿ 6,50,000 ಆಯಿತು. ಗುಳೆ ಅನ್ನುವ ಮಾತನ್ನು ನಾನು ಬೇಕೆಂದೇ ಬಳಸಿದೆ. ರಾಯಚೂರು, ಯಾದಗಿರಿ ಕಡೆಯ ಓದುಗರಿಗೆ ಅದರ ಅರ್ಥ ನಾನು ಬಿಡಿಸಿ ಹೇಳಬೇಕಿಲ್ಲ. ಗುಳೆ ಹೋಗುವವರು ಪ್ರವಾಸ ಹೋಗುವವರಲ್ಲ. ಪಾತ್ರೆ ಚೀಲ ಕಟ್ಟಿಕೊಂಡು ಹೋಗುತ್ತಾರೆ, ಮನೆ ಹೊತ್ತುಕೊಂಡು ಹೋಗಲಾಗುವುದಿಲ್ಲ.

ಈ ಕಲಾವಿದರು ಏನು ಹೊತ್ತುಕೊಂಡು ಹೋದರು? ತಮ್ಮ ಚಿತ್ರಗಳ ನಕಲು ಇತ್ತು, ಅದನ್ನು ಒಯ್ದರು. ಹತ್ತು ವರ್ಷ ಕೂಡಿಸಿದ ನೋಡುಗರನ್ನು ಒಯ್ಯಲಾಗಲಿಲ್ಲ. ಯಂತ್ರದ ಹೊಟ್ಟೆಗೆ ಹೋಗಿದ್ದನ್ನು ಕಕ್ಕಿಸಲಾಗಲಿಲ್ಲ. ಅಕೌಂಟ್ ಅಳಿಸಿದರೆ ಗೋಡೆಯ ಮೇಲಿನ ಚಿತ್ರ ಹೋಗುತ್ತದೆ, ಯಂತ್ರ ಕಲಿತ ಪಾಠ ಹೋಗುವುದಿಲ್ಲ.

ನೋಡುಗರನ್ನು ಒಯ್ಯುವುದು ಅಂದರೇನು ಅಂತ ಇಂಥ ಪತ್ರಿಕೆ ನಡೆಸಿದವರಿಗೆ ಗೊತ್ತು. ಸಾಲ ತೀರಿಸದೆ ಒಂದು ಪ್ರೆಸ್ಸಿನಿಂದ ಇನ್ನೊಂದು ಪ್ರೆಸ್ಸಿಗೆ ಓಡಿದ ಪತ್ರಿಕೆಗಳಿವೆ. ಊರು ಬದಲಿಸಿದ ಪತ್ರಿಕೆಗಳಿವೆ. ಸಂಪಾದಕ ಮೇಷ್ಟ್ರಿಗೆ ವರ್ಗವಾದರೆ ಪತ್ರಿಕೆಗೂ ವರ್ಗ. ಆದರೆ ಚಂದಾದಾರರ ವಿಳಾಸ ಬರೆದ ಉದ್ದ ನೋಟ್‌ಬುಕ್ಕು ಸಂಪಾದಕನ ಚೀಲದಲ್ಲಿರುತ್ತಿತ್ತು. ಪ್ರೆಸ್ಸಿನ ಮಾಲೀಕ ಎಷ್ಟೇ ಕೆಟ್ಟವನಾದರೂ ಆ ನೋಟ್‌ಬುಕ್ಕನ್ನು ಕಿತ್ತುಕೊಳ್ಳಲು ಬರುತ್ತಿರಲಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಆ ನೋಟ್‌ಬುಕ್ಕು ಪ್ರೆಸ್ಸಿನ ಮಾಲೀಕನ ಕಪಾಟಿನಲ್ಲಿದೆ. ಫಾಲೋಯರ್ಸ್ ಹೆಸರಿನ ಪಟ್ಟಿ ಬೇಕಾದರೆ ಇಳಿಸಿಕೊಳ್ಳಬಹುದು ಅನ್ನುತ್ತಾರೆ. ಇಳಿಸಿಕೊಂಡು ಏನು ಮಾಡೋದು? ಆ ಹೆಸರುಗಳಿಗೆ ಕಾಗದ ಹಾಕಲು ಊರಿಲ್ಲ, ಕೇರಿಯಿಲ್ಲ. ಅವರ ಹತ್ತಿರ ಮಾತಾಡಬೇಕಾದರೆ ಮತ್ತೆ ಅದೇ ಒಡೆಯನ ಹಟ್ಟಿಗೇ ಹೋಗಬೇಕು.

ಇದು ದೂರದ ದೇಶದವರ ಕಷ್ಟ ಅಂದುಕೊಳ್ಳಬೇಡಿ. 2020ರ ಜೂನ್ 29ರ ರಾತ್ರಿ ನೆನಪಿಸಿಕೊಳ್ಳಿ. ಕೇಂದ್ರ ಸರ್ಕಾರ ಚೀನಾದ 59 ಆಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಟಿಕ್‌ಟಾಕ್ ಒಂದು. ನಮ್ಮ ದೇಶದಲ್ಲಿ ಅದನ್ನು ಬಳಸುವವರು ಸುಮಾರು 20 ಕೋಟಿ ಜನ ಇದ್ದರು. ಗದ್ದೆಯಲ್ಲಿ ಕುಣಿದವರು, ಗಾರೆ ಕೆಲಸದ ನಡುವೆ ಹಾಡಿದವರು, ಅಡುಗೆಮನೆಯಿಂದಲೇ ನಾಟಕ ಆಡಿದ ಹೆಂಗಸರು, ಇಂಗ್ಲಿಷ್ ಬಾರದ, ನಗರದ ಮುಖವಿಲ್ಲದ ಜನ ಅಲ್ಲಿದ್ದರು. ಇನ್‌ಸ್ಟಾಗ್ರಾಮಿನ ಕಡೆಯವರು ಅವರನ್ನು ನೋಡಿ ನಗುತ್ತಿದ್ದರು. ನಿಷೇಧ ಸರಿಯೋ ತಪ್ಪೋ, ಆ ವಾದಕ್ಕೆ ನಾನು ಈಗ ಹೋಗುವುದಿಲ್ಲ. ಬೆಳಗಾಗುವುದರೊಳಗೆ ಆ ಜನ ತಮ್ಮ ನೋಡುಗರನ್ನೆಲ್ಲ ಕಳೆದುಕೊಂಡರು, ಅದು ಮಾತ್ರ ನಿಜ. ಸರಿಯಾಗಿ ಎರಡನೇ ವಾರಕ್ಕೆ ಇನ್‌ಸ್ಟಾಗ್ರಾಮ್ ನಮ್ಮ ದೇಶದಲ್ಲಿ ರೀಲ್ಸ್ ಅಂಗಡಿ ತೆರೆಯಿತು. ಒಬ್ಬ ಒಡೆಯನ ಜಮೀನಿನಿಂದ ಎಬ್ಬಿಸಿದವರನ್ನು ಇನ್ನೊಬ್ಬ ಒಡೆಯ ಗೇಟು ತೆರೆದು ನಿಂತು ಕರೆದ. ಸೊನ್ನೆಯಿಂದ ಶುರುಮಾಡಿ ಅಂದ.

ಆದ್ದರಿಂದ ಬಿಟ್ಟು ಹೋಗಿ ಅನ್ನುವವರಿಗೆ ಒಂದು ಹಳೆಯ ಕಾನೂನನ್ನು ನೆನಪಿಸಬೇಕಾಗಿದೆ. ಜೀತ ಪದ್ಧತಿ ರದ್ದತಿ ಕಾಯ್ದೆ, 1976. ತುರ್ತುಪರಿಸ್ಥಿತಿಯ ಕಾಲದ್ದು, 1975ರ ಅಕ್ಟೋಬರ್ 25ರಿಂದಲೇ ಅನ್ವಯ. ಅದು ಎಷ್ಟು ಊರಲ್ಲಿ ಜಾರಿಯಾಯಿತು, ಎಷ್ಟು ಊರಲ್ಲಿ ಫೈಲಿನಲ್ಲಿ ಸತ್ತಿತು ಅನ್ನುವುದು ಬೇರೆ ಕಥೆ. ಆದರೆ ಅದನ್ನು ಬರೆದವರಿಗೆ ಒಂದು ವಿಷಯ ಗೊತ್ತಿತ್ತು. ಜೀತಗಾರನೇ, ನೀನು ಇನ್ನು ಹೋಗಬಹುದು ಅಂತ ಒಂದೇ ಸಾಲು ಬರೆದು ಅವರು ಕೈತೊಳೆದುಕೊಳ್ಳಲಿಲ್ಲ. ಅವನ ಸಾಲ ಅಳಿಯಿತು ಅಂತ ಬರೆದರು. ಅಡವಿಟ್ಟ ಆಸ್ತಿ ಅವನಿಗೆ ವಾಪಸ್ಸು ಬರಬೇಕು ಅಂತ ಬರೆದರು. ಜೀತದ ಭಾಗವಾಗಿ ಕೊಟ್ಟಿದ್ದ ಗುಡಿಸಲಿನಿಂದ ಅವನನ್ನು ಎಬ್ಬಿಸಕೂಡದು ಅಂತ ಬರೆದರು. ಯಾಕೆ? ಬರಿಗೈಯಲ್ಲಿ ಬಿಟ್ಟವನು ಸಂಜೆಗೆ ಅದೇ ಬಾಗಿಲಿಗೆ ವಾಪಸ್ಸು ಬರುತ್ತಾನೆ ಅನ್ನುವುದು ಅವರಿಗೆ ತಿಳಿದಿತ್ತು. ನಾನು ಮೈಮೇಲೆ ಬಾಸುಂಡೆ ಎದ್ದವನ ನೋವನ್ನೂ ಚಿತ್ರ ಕಳೆದುಕೊಂಡವನ ನೋವನ್ನೂ ಒಂದೇ ಅನ್ನುತ್ತಿಲ್ಲ. ಹಾಗಂದರೆ ನಮ್ಮ ಅಪ್ಪಂದಿರಿಗೆ ಮಾಡಿದ ಅವಮಾನವಾಗುತ್ತದೆ. ನಾನು ಹೇಳುತ್ತಿರುವುದು ಇಷ್ಟೇ: ಬಿಟ್ಟು ಹೋಗುವುದು ಹಕ್ಕು ಅಂತ ಅನ್ನಿಸಿಕೊಳ್ಳಬೇಕಾದರೆ ಹೋಗುವವರ ಕೈಯಲ್ಲಿ ಅವರದು ಇರಬೇಕು.

ಇದು ಆಗದ ಹೋಗದ ಮಾತಲ್ಲ. ನಿಮ್ಮ ಜೇಬಿನಲ್ಲಿರುವ ಫೋನ್ ನಂಬರನ್ನೇ ನೋಡಿ. ಮೊದಲು ಕಂಪನಿ ಬದಲಿಸಿದರೆ ನಂಬರೂ ಬದಲಾಗುತ್ತಿತ್ತು. 2011ರ ಜನವರಿ 20ರಿಂದ ದೇಶದ ತುಂಬ ಹೊಸ ನಿಯಮ ಬಂತು, ನಂಬರು ಗಿರಾಕಿಯ ಜೊತೆಗೇ ಹೋಗತೊಡಗಿತು. ಕಂಪನಿಗಳು ಮುಳುಗಿಹೋದವೇ? ಮ್ಯಾಸ್ಟೊಡಾನ್ ಅನ್ನುವ ಜಾಲತಾಣ ಒಂದಿದೆ, ಒಬ್ಬ ಮಾಲೀಕನ ಸ್ವತ್ತಲ್ಲ, ಸಾವಿರಾರು ಸಣ್ಣ ಮನೆಗಳ ಕೂಟ. ಅಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವವರು ಫಾಲೋಯರ್ಸನ್ನೂ ಕರೆದುಕೊಂಡು ಹೋಗಬಹುದು. ಯಂತ್ರಕ್ಕೆ ಬಾರದ ವಿದ್ಯೆ ಇದಲ್ಲ, ಒಡೆಯನಿಗೆ ಬೇಡವಾದ ವಿದ್ಯೆ.

ಹೊಸ ಜಾಗಕ್ಕೆ ಹೋದವರ ಗತಿ ಏನಾಯಿತು ಅಂತಲೂ ಹೇಳಬೇಕು, ಮುಚ್ಚಿಡಬಾರದು. ಕಾರಾಗೆ ಒಂದೇ ವಾರದಲ್ಲಿ ಆರು ಲಕ್ಷ ಜನ ನುಗ್ಗಿದರಲ್ಲ, ಆ ಭಾರ ಹೊತ್ತ ಕಂಪ್ಯೂಟರುಗಳ ಬಾಡಿಗೆ ಬಿಲ್ಲು ಬಂತು: 96,280 ಡಾಲರ್. ಸಂಬಳವಿಲ್ಲದೆ ದುಡಿಯುವ ನಾಲ್ಕಾರು ಜನರ ಕೈಗೆ ಈ ಬಿಲ್ಲು. ಕಲಾವಿದರದೇ ಮನೆ ಕಟ್ಟಿದರೂ ನೆಲ ಇನ್ನೊಬ್ಬನ ಬಾಡಿಗೆಯದು. ಹೋದವರಲ್ಲಿ ಎಷ್ಟೋ ಜನ ಇನ್‌ಸ್ಟಾಗ್ರಾಮಿನಲ್ಲೂ ಒಂದು ಕಾಲು ಇಟ್ಟುಕೊಂಡರು, ಗಿರಾಕಿ ಅಲ್ಲಿದ್ದಾನೆ ಅಂತ. ಇನ್ನು ಕೆಲವರು ಅಲ್ಲೇ ಉಳಿದು ಷಿಕಾಗೊ ವಿಶ್ವವಿದ್ಯಾಲಯದ ಬೆನ್ ಜಾವ್ ಮತ್ತು ಅವರ ವಿದ್ಯಾರ್ಥಿಗಳು 2023ರಲ್ಲಿ ಮಾಡಿಕೊಟ್ಟ 'ಗ್ಲೇಜ್' ಅನ್ನುವ ಉಪಾಯ ಹಿಡಿದರು. ಮನುಷ್ಯರ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಯಂತ್ರ ಮಾತ್ರ ಆ ಚಿತ್ರದ ಶೈಲಿಯನ್ನು ತಪ್ಪಾಗಿ ಓದುತ್ತದೆ. ಇದೂ ಒಂದು ಬಗೆಯ ಬಂಡಾಯವೇ. ಬಿಟ್ಟು ಹೋದವರು ಉಳಿದವರನ್ನು ಮಾರಿಕೊಂಡವರು ಅಂತ ಹೀಯಾಳಿಸುವುದನ್ನು ನೋಡಿದ್ದೇನೆ. ನನಗೆ ಅದು ಸರಿಕಾಣುವುದಿಲ್ಲ. ಮನೆಯಲ್ಲಿ ಸಂಬಳ ಬರುವವರು ಇನ್ನೊಬ್ಬರಿದ್ದರೆ ಆತ್ಮಗೌರವದ ಮಾತು ಸುಲಭ. ಈ ತಿಂಗಳ ಬಾಡಿಗೆಯನ್ನು ಬರುವ ವಾರದ ಆರ್ಡರಿನಿಂದಲೇ ಕಟ್ಟಬೇಕಾದವಳಿಗೆ ಕಷ್ಟ.

ಇನ್ನು ನಮ್ಮ ಸಂಗಾತಿಗಳ ಆಕ್ಷೇಪಣೆ. "ಭೂಮಿ ಇಲ್ಲ, ಸ್ಮಶಾನಕ್ಕೆ ಜಾಗ ಇಲ್ಲ, ಮ್ಯಾನ್‌ಹೋಲಿನಲ್ಲಿ ಜನ ಸಾಯ್ತಾ ಇದ್ದಾರೆ. ನೀವು ಇನ್‌ಸ್ಟಾಗ್ರಾಮಿನ ಬಗ್ಗೆ ಬರೀತಾ ಕೂತಿದ್ದೀರಲ್ಲ ಮೇಷ್ಟ್ರೇ, ಇದು ಮಧ್ಯಮವರ್ಗದವರ ತೆವಲು" ಅನ್ನುತ್ತಾರೆ. ಒಪ್ಪುತ್ತೇನೆ, ಮೊದಲ ಜಗಳ ಅವೇ. ಆದರೆ ಒಂದು ಮಾತು ಕೇಳುತ್ತೇನೆ. ನಮ್ಮ ಊರುಗಳಿಗೆ ಫ್ಲೆಕ್ಸ್ ಬಂದಾಗ ಬೋರ್ಡು ಬರೆಯುವವರು ಕುಂಚ ತೊಳೆದಿಟ್ಟು ಕೂಲಿಗೆ ಹೋದರು. ಗೋಡೆಯ ಮೇಲೆ ನಮ್ಮ ಘೋಷಣೆಗಳನ್ನು ರಾತ್ರಿ ಹೊತ್ತು ಪುಕ್ಕಟೆ ಬರೆದುಕೊಟ್ಟವರು ಅವರೇ. ಆಗ ನಾವು ಒಂದು ಕರಪತ್ರ ಹಂಚಿದೆವೇ? ಅದೇ ಫ್ಲೆಕ್ಸಿನಲ್ಲಿ ನಮ್ಮ ಸಮಾವೇಶದ ಬ್ಯಾನರು ಹಾಕಿಸಿದೆವು. ಈಗ ಅಂಬೇಡ್ಕರ್ ಜಯಂತಿಯ ಪೋಸ್ಟರನ್ನು ಯಂತ್ರದ ಕೈಲಿ ಬರೆಸುವ ಹಂತಕ್ಕೆ ಬಂದಿದ್ದೇವೆ. ಅಂಥ ಒಂದು ಪೋಸ್ಟರು ನೋಡಿದೆ. ಬಾಬಾಸಾಹೇಬರ ಮುಖ ಯಾವುದೋ ಸಿನಿಮಾ ನಟನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು, ಕೈಯಲ್ಲಿದ್ದ ಸಂವಿಧಾನದ ಮೇಲೆ ಯಾವ ಭಾಷೆಯೂ ಅಲ್ಲದ ಅಕ್ಷರ. ಪುಕ್ಕಟೆ ಸಿಕ್ತು ಅಂತ ಹಾಕಿದ್ವಿ ಸಾರ್ ಅಂದರು. ಫ್ಲೆಕ್ಸು ಬೋರ್ಡು ಬರೆಯುವವನ ಕೆಲಸ ಕಿತ್ತುಕೊಂಡಿತು, ಅವನ ಕೈ ಅವನ ಹತ್ತಿರವೇ ಇತ್ತು. ಈ ಯಂತ್ರ ಮೊದಲು ಕೈಯನ್ನು ಕದ್ದು ಆಮೇಲೆ ಕೆಲಸಕ್ಕೆ ಬರುತ್ತದೆ.

ಮತ್ತೆ ಇದು ನಮ್ಮ ಸರ್ಕಾರಗಳ ಜೊತೆಗಿನ ಜಗಳವೂ ಹೌದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂತ ಒಂದು ಬಂತು. ಹೆಸರು ಕೇಳಿ ಯಾರೂ ಮೋಸಹೋಗಬಾರದು. ಒಬ್ಬ ವ್ಯಕ್ತಿ ತಾನಾಗಿ ಸಾರ್ವಜನಿಕವಾಗಿ ಹಾಕಿದ ವೈಯಕ್ತಿಕ ವಿವರಕ್ಕೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ ಅಂತ ಆರಂಭದಲ್ಲೇ ಬರೆದಿದ್ದಾರೆ. ಅಂದರೆ ಎಲ್ಲರಿಗೂ ತೋರಿಸಿದೆಯಾ, ಹಾಗಾದರೆ ಎಲ್ಲರದೂ. ನಿಮ್ಮ ವಿವರಗಳನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು 2019ರ ಮಸೂದೆಯಲ್ಲಿತ್ತು. 2023ರ ಕಾಯ್ದೆಯಲ್ಲಿ ಅದು ಇಲ್ಲ. ಯಾರು ತೆಗೆಸಿದರು, ಯಾಕೆ ತೆಗೆಸಿದರು ಅಂತ ನಮ್ಮ ಒಬ್ಬ ಎಂ.ಪಿ.ಯಾದರೂ ಊರಿಗೆ ಬಂದಾಗ ಹೇಳಿದ್ದುಂಟೇ? 2025ರ ಡಿಸೆಂಬರಿನಲ್ಲಿ ಕೇಂದ್ರದ ಕೈಗಾರಿಕಾ ಇಲಾಖೆಯ ಸಮಿತಿ ಕೃತಿಸ್ವಾಮ್ಯದ ಬಗ್ಗೆ ಒಂದು ಪ್ರಸ್ತಾಪ ಹೊರಡಿಸಿತು. ಎ.ಐ. ಕಂಪನಿಗಳು ಎಲ್ಲರ ಕೃತಿಗಳನ್ನೂ ಬಳಸಲಿ, ಆದಾಯ ಬಂದಾಗ ಒಂದು ಸಂಸ್ಥೆಯ ಮೂಲಕ ರಾಯಧನ ಕೊಡಲಿ, ಆದರೆ ನನ್ನದನ್ನು ಬಳಸಬೇಡಿ ಅನ್ನುವ ಹಕ್ಕು ಬರೆದವರಿಗೆ ಇರುವುದಿಲ್ಲ ಅನ್ನುವುದು ಅದರ ಸಾರ. ಹಣದ ಮಾತು ಎತ್ತಿದ್ದಾರೆ, ಅದು ಒಂದು ಹೆಜ್ಜೆ, ನಾನು ತಳ್ಳಿಹಾಕುವುದಿಲ್ಲ. ಆದರೆ ಭೂಸ್ವಾಧೀನ ಕಂಡ ಊರುಗಳವರಿಗೆ ಈ ಪರಿಹಾರದ ಭಾಷೆ ಚೆನ್ನಾಗಿ ಗೊತ್ತು. ಪರಿಹಾರದ ಚೆಕ್ಕು ಯಾರ ಕೈಗೆ ಬಂತು, ಪಹಣಿಯಲ್ಲಿ ಹೆಸರಿಲ್ಲದವರಿಗೆ ಎಷ್ಟು ಬಂತು ಅಂತ ಅವರನ್ನೇ ಕೇಳಿ. ನನ್ನ ಹುಡುಗಿಯಂಥವರ ಹೆಸರು ಯಾವ ಪಹಣಿಯಲ್ಲಿದೆ? ಬೇಡ ಅನ್ನುವ ಹಕ್ಕು ಮೊದಲು ಬರಲಿ, ಕೊಟ್ಟರೆ ಎಷ್ಟು ಅನ್ನುವ ಚೌಕಾಸಿ ಆಮೇಲೆ. ಇದನ್ನು ನಮ್ಮ ವಿದ್ಯಾರ್ಥಿ ಸಂಘಟನೆಗಳು ತಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಬರೆಯಬೇಕು. ಕಲಾ ಶಾಲೆಗಳ ಹುಡುಗರು ಬರೆಯಬೇಕು. ಚಿತ್ರಕಲಾ ಶಿಕ್ಷಕರ ಹುದ್ದೆ ತುಂಬಿ ಅನ್ನುವ ಹಳೆಯ ಬೇಡಿಕೆಯ ಪಕ್ಕದಲ್ಲೇ ಇದಕ್ಕೂ ಜಾಗವಿದೆ.

ಹುಡುಗಿಗೆ ನಾನು ಹೇಳಿದ್ದು ಹೀಗೆ. ಬಿಡೋದು ಬಿಡದೇ ಇರೋದು ನಿನ್ನ ಇಷ್ಟ ಕಣಮ್ಮ, ಯಾರ ಮಾತೂ ಕೇಳಬೇಡ. ಬಿಡೋದಾದರೆ ಒಬ್ಬಳೇ ಬಿಡಬೇಡ, ನಿನ್ನ ಹಾಗೆ ಬಿಡಿಸುವವರು ನಾಲ್ಕು ಜನ ಸೇರಿ ಮಾತಾಡಿಕೊಳ್ಳಿ. ಮೊದಲು ಒಂದು ಕೆಲಸ ಮಾಡು. ಆ ಮುನ್ನೂರು ಜನದಲ್ಲಿ ನಿಜವಾಗಿ ನಿನ್ನ ಚಿತ್ರ ನೋಡುವವರು ಯಾರೋ ಅವರಿಗೆಲ್ಲ ಮೆಸೇಜ್ ಹಾಕಿ ಊರು, ವಿಳಾಸ, ಫೋನ್ ನಂಬರ್ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೋ. "ಹುಡುಗೀರು ಅಪರಿಚಿತರ ನಂಬರ್ ಕೇಳಿದ್ರೆ ಏನಂದ್ಕೋತಾರೆ ಸಾರ್" ಅಂದಳು. ಅದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಗೊತ್ತಿರುವ ಹೆಣ್ಣುಮಕ್ಕಳಿಂದ ಶುರು ಮಾಡು, ಶಾಲೆಯ ವಿಳಾಸವನ್ನೇ ಕೊಡು, ಪತ್ರ ಬಂದರೆ ನಾನು ತೆಗೆದಿಡುತ್ತೇನೆ ಅಂದೆ. ಮೊನ್ನೆ ಸೋಮವಾರ ಬಂದಿದ್ದಳು. 27 ವಿಳಾಸ ಆಗಿದೆ, ಅದರಲ್ಲಿ ಇಬ್ಬರು ಹಾಸನದ ಕಡೆಯವರು, ಒಬ್ಬಳು ದುಬೈನಲ್ಲಿ ನರ್ಸು. ಇನ್‌ಸ್ಟಾಗ್ರಾಮ್ ಇನ್ನೂ ಬಿಟ್ಟಿಲ್ಲ.